ಬರೆಯುವುದು ಕೊನೆಯ ಕೆಲಸ

ಟೆಕ್ನಿಕಲ್ ರೈಟಿಂಗ್ ಅನ್ನು ವೃತ್ತಿಯಾಗಿ ಆರಿಸಿಕೊಳ್ಳಿ ಎಂದು ಪದವಿ ಮುಗಿಸಿದವರಿಗೆ ಹೇಳುವವರಲ್ಲಿ ನಾನೂ ಒಬ್ಬಳು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಹೀಗೆ ಹೇಳಿದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ, ಹೇಳುವವರು ಮಾತ್ರ ಬೇರೆ ಬೇರೆ: ಮಗಳ ಮುಂದಿನ ದಾರಿಯ ಚಿಂತೆಯಲ್ಲಿರುವ ತಂದೆತಾಯಿ, ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿ, ಪಕ್ಕದ ಮೇಜಿನ ಎಂಜಿನಿಯರ್, ಸಾಹಿತ್ಯ ಪಾಠ ಮಾಡುವ ಮೇಷ್ಟ್ರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಕೆಲವರ ಮಾತಿನಲ್ಲಿ ಸತ್ಯವೂ ಇದೆ. ಆದರೆ ಆ ಮಾತುಗಳನ್ನು ಕೇಳಿ ಹಿಂದೆ ಸರಿದ ಯೋಗ್ಯ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ಅದಕ್ಕಾಗಿ ಒಂದೊಂದು ಆಕ್ಷೇಪಕ್ಕೂ ಉತ್ತರ ಬರೆಯುತ್ತಿದ್ದೇನೆ.

"ಎಂಜಿನಿಯರ್ ಹೇಳಿದ್ದನ್ನು ಚೆನ್ನಾದ ಇಂಗ್ಲಿಷಿನಲ್ಲಿ ಬರೆದುಕೊಡುವುದು. ಅಷ್ಟಕ್ಕೆ ಬೇರೆ ಒಬ್ಬರು ಬೇಕೆ?"

ಎಂಜಿನಿಯರ್ ಹೇಳುವುದಿಲ್ಲ. ಇದು ದೂರಲ್ಲ, ಅವರ ಕೆಲಸವೇ ಅಂಥದು. ಒಂದು ಸೌಲಭ್ಯವನ್ನು ಹೇಗೆ ಕಟ್ಟಿದೆವು ಎಂಬುದು ಅವರ ತಲೆಯಲ್ಲಿರುತ್ತದೆ. ಅದನ್ನು ಬಳಸುವವರು ಎಂಥ ಹೊತ್ತಿನಲ್ಲಿ, ಎಷ್ಟು ಗಾಬರಿಯಲ್ಲಿ ಅದರ ಮುಂದೆ ಕೂತಿರುತ್ತಾರೆ ಎಂಬುದು ಇರುವುದಿಲ್ಲ. ಅಂಗಡಿಗಳ ಲೆಕ್ಕಪತ್ರದ ಸಾಫ್ಟ್‌ವೇರ್ ಒಂದನ್ನು ಊಹಿಸಿಕೊಳ್ಳಿ. ಬ್ಯಾಕಪ್‌ನಲ್ಲಿರುವ ಹಳೆಯ ಡೇಟಾವನ್ನು ಮರಳಿ ತರುವ ಸೌಲಭ್ಯ ಹೊಸ ಆವೃತ್ತಿಯಲ್ಲಿ ಬಂದಿದೆ. ಡೆವಲಪರ್ ಬರೆದಿಟ್ಟಿರುವುದು ಒಂದೇ ಸಾಲು: ರೀಸ್ಟೋರ್ ಬಟನ್ ಸೇರಿಸಲಾಗಿದೆ. ಟೆಕ್ನಿಕಲ್ ರೈಟರ್ ಕೆಲಸ ಅಲ್ಲಿಂದ ಶುರುವಾಗುತ್ತದೆ. ನಿನ್ನೆ ರಾತ್ರಿಯ ಬ್ಯಾಕಪ್ ಮರಳಿ ತಂದರೆ ಇವತ್ತು ಬೆಳಗ್ಗೆಯಿಂದ ಹಾಕಿದ ಬಿಲ್ಲುಗಳು ಉಳಿಯುತ್ತವೆಯೋ ಅಳಿಸಿಹೋಗುತ್ತವೆಯೋ? ಒಬ್ಬರು ಇದನ್ನು ಮಾಡುತ್ತಿರುವಾಗ ಪಕ್ಕದ ಕೌಂಟರಿನವರು ಬಿಲ್ ಹಾಕಬಹುದೇ? ನಡುವೆ ಕರೆಂಟ್ ಹೋದರೆ ಏನಾಗುತ್ತದೆ? ಹಳೆಯ ಆವೃತ್ತಿಯಲ್ಲಿ ತೆಗೆದಿಟ್ಟ ಬ್ಯಾಕಪ್ ಹೊಸದರಲ್ಲಿ ತೆರೆಯುತ್ತದೆಯೇ? ಮಾಲೀಕರ ಲಾಗಿನ್ ಬೇಕೇ, ಗುಮಾಸ್ತರದೂ ನಡೆಯುತ್ತದೆಯೇ?

ಇವುಗಳಲ್ಲಿ ಕೆಲವಕ್ಕೆ ಡೆವಲಪರ್ ಥಟ್ಟನೆ ಉತ್ತರಿಸುತ್ತಾರೆ. ಕೆಲವಕ್ಕೆ "ನೋಡಿ ಹೇಳ್ತೀನಿ" ಎನ್ನುತ್ತಾರೆ. ಒಂದು ಪ್ರಶ್ನೆಗೆ ಸುಮ್ಮನಾಗುತ್ತಾರೆ, ಏಕೆಂದರೆ ಅದನ್ನು ಯಾರೂ ಯೋಚಿಸಿರಲಿಲ್ಲ. ಆ ಮೌನ ಬಗ್ ಆಗಿ ದಾಖಲಾಗಿ, ಸಾಫ್ಟ್‌ವೇರ್ ಗ್ರಾಹಕರ ಕೈ ಸೇರುವ ಮೊದಲೇ ಸರಿಯಾಗುತ್ತದೆ. ಬಳಿಕ ರೈಟರ್ ತಾನೇ ಟೆಸ್ಟ್ ಬಿಲ್ಡ್ ಹಾಕಿಕೊಂಡು ಪ್ರತಿ ಹೆಜ್ಜೆಯನ್ನೂ ಮಾಡಿ ನೋಡಬೇಕು. ಎಚ್ಚರಿಕೆಯ ಮಾತು ಬಟನ್ ಒತ್ತುವ ಹೆಜ್ಜೆಗಿಂತ ಮುಂಚೆ ಬರುವಂತೆ ನೋಡಿಕೊಳ್ಳಬೇಕು, ಒತ್ತಿದ ಮೇಲೆ ಓದುವ ಎಚ್ಚರಿಕೆಯಿಂದ ಯಾರಿಗೂ ಉಪಯೋಗವಿಲ್ಲ. ಗ್ರಾಹಕರಿಗೆ ತಿಳಿಯಲೇಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಬೇರ್ಪಡಿಸಬೇಕು. ಇದೆಲ್ಲ ಆದಮೇಲೆ ಬರೆಯುವುದು. ವಾರದ ದುಡಿಮೆಯಲ್ಲಿ ಅದು ಚಿಕ್ಕ ಪಾಲು.

"ಕೈಪಿಡಿಯನ್ನು ಯಾರೂ ಓದುವುದಿಲ್ಲ."

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಯಾರೂ ಓದುವುದಿಲ್ಲ, ನಿಜ. ಓದಲಿ ಎಂದು ನಾವು ಬರೆಯುವುದೂ ಇಲ್ಲ. ಕೆಲಸ ಎಲ್ಲೋ ನಿಂತುಹೋದಾಗ ಜನ ಹುಡುಕಿಕೊಂಡು ಬರುತ್ತಾರೆ, ಬೇಕಾದ ನಾಲ್ಕು ಸಾಲು ಓದಿ ಹೋಗುತ್ತಾರೆ. ಆ ನಾಲ್ಕು ಸಾಲು ಸಿಗಬೇಕು, ಸರಿಯಾಗಿರಬೇಕು. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಕೇಳಿದರೆ 1 ಲೀಟರ್ ನೀರಿಗೆ ಕಲಸುವ ದೊಡ್ಡ ಪೊಟ್ಟಣವೂ ಸಿಗುತ್ತದೆ, 200 ಮಿ.ಲೀ. ನೀರಿಗೆ ಕಲಸುವ ಚಿಕ್ಕದೂ ಸಿಗುತ್ತದೆ. ದೊಡ್ಡದನ್ನು ಒಂದು ಲೋಟ ನೀರಿಗೆ ಸುರಿದು ಕುಡಿಸಿದರೆ ಉಪ್ಪಿನಂಶ ಮಿತಿಮೀರಿ, ಭೇದಿಯಿಂದ ಸೊರಗಿದ ಮಗುವಿಗೆ ಅಪಾಯ. ನಡುರಾತ್ರಿ, ಅಳುವ ಮಗುವನ್ನು ಸೊಂಟದ ಮೇಲಿಟ್ಟುಕೊಂಡ ತಾಯಿ ಆ ಪೊಟ್ಟಣದಲ್ಲಿ ಹುಡುಕುವುದು ಒಂದೇ ಸಾಲನ್ನು. ಅದನ್ನು ಎಲ್ಲಿ, ಎಷ್ಟು ದೊಡ್ಡ ಅಕ್ಷರದಲ್ಲಿ, ಯಾವ ಭಾಷೆಯಲ್ಲಿ ಇಡಬೇಕು ಎಂದು ನಿರ್ಧರಿಸುವುದೂ ಟೆಕ್ನಿಕಲ್ ರೈಟಿಂಗ್ ಕೆಲಸವೇ.

ಇದಕ್ಕಿಂತ ಘೋರವಾದ ಉದಾಹರಣೆಗಳಿವೆ. ಥೆರಾಕ್-25 ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುತ್ತಿದ್ದ, ಕಂಪ್ಯೂಟರ್ ನಿಯಂತ್ರಿತ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ 6 ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಸತ್ತರು. 1986ರಲ್ಲಿ ಟೆಕ್ಸಾಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಯಂತ್ರ ನಡೆಸುತ್ತಿದ್ದವರ ಪರದೆಯ ಮೇಲೆ "ಮಾಲ್‌ಫಂಕ್ಷನ್ 54" ಎಂದು ಮೂಡಿತು. ಅದಕ್ಕೇನು ಅರ್ಥ ಎಂದು ಅವರ ಕೈಯಲ್ಲಿದ್ದ ಕೈಪಿಡಿ ವಿವರಿಸಿರಲಿಲ್ಲ. ಇಂಥ ಸಂಖ್ಯೆಗಳು ಆಗಾಗ ಬರುತ್ತಿದ್ದುದರಿಂದ, ಮುಂದುವರಿಸುವ ಕೀಲಿ ಒತ್ತುವುದು ರೂಢಿಯಾಗಿತ್ತು. ಅವತ್ತೂ ಒತ್ತಿದರು. ಮೂಲ ದೋಷ ಸಾಫ್ಟ್‌ವೇರಿನದು ಮತ್ತು ಸುರಕ್ಷತೆಯ ವಿನ್ಯಾಸದ್ದು, ಕೈಪಿಡಿಯದಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಯಂತ್ರಕ್ಕೂ ರೋಗಿಗೂ ನಡುವೆ ಇದ್ದದ್ದು ಒಬ್ಬ ಮನುಷ್ಯ ಜೀವ. ಮುಂದುವರಿಸಬೇಡಿ ಎಂದು ಆ ಜೀವಕ್ಕೆ ಹೇಳುವ ಒಂದು ವಾಕ್ಯ ಎಲ್ಲಿಯೂ ಇರಲಿಲ್ಲ.

ಬೋಯಿಂಗ್ 737 ಮ್ಯಾಕ್ಸ್ ವಿಚಾರ ಇನ್ನೂ ಹತ್ತಿರದ್ದು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಎರಡು ವಿಮಾನಗಳು ಬಿದ್ದು 346 ಜನ ಸತ್ತರು. ಎರಡರಲ್ಲೂ ವಿಮಾನದ ಮೂತಿಯನ್ನು ತಾನಾಗಿ ಕೆಳಕ್ಕೆ ತಳ್ಳುತ್ತಿದ್ದುದು ಎಂಕ್ಯಾಸ್ ಎಂಬ ವ್ಯವಸ್ಥೆ. ಮೊದಲ ಅಪಘಾತ ಆಗುವವರೆಗೆ ಆ ವ್ಯವಸ್ಥೆಯ ವಿವರಣೆ ಪೈಲಟ್‌ಗಳ ಕೈಪಿಡಿಯಲ್ಲಿ ಇರಲಿಲ್ಲ. ಮರೆತು ಬಿಟ್ಟದ್ದಲ್ಲ, ತೀರ್ಮಾನಿಸಿ ಬಿಟ್ಟದ್ದು. ಅಮೆರಿಕದ ನ್ಯಾಯ ಇಲಾಖೆ ಹೂಡಿದ ಮೊಕದ್ದಮೆಯಲ್ಲಿ 2021ರಲ್ಲಿ ಕಂಪನಿ 250 ಕೋಟಿ ಡಾಲರ್‌ಗೂ ಹೆಚ್ಚು ತೆರಲು ಒಪ್ಪಿತು. ಕೈಪಿಡಿಯಲ್ಲಿ ಈ ಮಾಹಿತಿ ಇಲ್ಲದೆ ಹೋದದ್ದು ಆ ಮೊಕದ್ದಮೆಯ ತಿರುಳಿನಲ್ಲೇ ಇತ್ತು. ಯಾವುದೋ ಒಬ್ಬ ರೈಟರ್ ಇದನ್ನು ತಡೆಯಬಹುದಿತ್ತು ಎಂದು ನಾನು ಹೇಳುತ್ತಿಲ್ಲ. ಕೈಪಿಡಿ ಯಂತ್ರದ್ದೇ ಒಂದು ಭಾಗ, ಅದರಲ್ಲಿ ಏನಿದೆ ಏನಿಲ್ಲ ಎಂಬುದರ ಮೇಲೆ ಜೀವ ನಿಲ್ಲುತ್ತದೆ ಎನ್ನುತ್ತಿದ್ದೇನೆ. ನಮ್ಮ ಕಾನೂನೂ ಇದನ್ನು ಒಪ್ಪಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಕಲಂ ಪ್ರಕಾರ, ಸರಿಯಾದ ಬಳಕೆಗೆ ಸಾಕಷ್ಟು ಸೂಚನೆಯನ್ನಾಗಲಿ ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆಯನ್ನಾಗಲಿ ಕೊಡದೆ ಹಾನಿಯಾದರೆ ತಯಾರಕರು ಹೊಣೆ.

"ಇನ್ನು ಇದನ್ನೆಲ್ಲ ಎಐ ಬರೆಯುತ್ತದೆ. ಮುಳುಗುವ ಹಡಗಿಗೆ ಮಕ್ಕಳನ್ನು ಹತ್ತಿಸುತ್ತೀರಾ?"

ಈಗ ಹೆಚ್ಚು ಕೇಳಿಬರುವುದು ಈ ಮಾತು. ಎಲ್ಲಕ್ಕಿಂತ ಗಂಭೀರವಾದದ್ದೂ ಇದೇ. ಒಪ್ಪಬೇಕಾದದ್ದನ್ನು ಮೊದಲು ಒಪ್ಪುತ್ತೇನೆ. ವ್ಯಾಕರಣ ತಿದ್ದುವುದು, ಡೆವಲಪರ್ ಟಿಪ್ಪಣಿಯನ್ನು ನಯವಾದ ಪ್ಯಾರಾ ಮಾಡುವುದು, ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಿಸುವುದು, ಇವನ್ನು ಯಂತ್ರ ಕ್ಷಣದಲ್ಲಿ ಮಾಡುತ್ತದೆ. ಅಷ್ಟನ್ನೇ ನೆಚ್ಚಿಕೊಂಡ ಹುದ್ದೆಗಳು ಹೋಗುತ್ತಿವೆ, ಹೊಸಬರಿಗೆ ಬಾಗಿಲು ಮೊದಲಿಗಿಂತ ಕಿರಿದಾಗಿದೆ. 1953ರಷ್ಟು ಹಿಂದಿನ ಬೇರುಗಳಿದ್ದ, ಭಾರತದಲ್ಲೂ ಶಾಖೆ ಇಟ್ಟುಕೊಂಡಿದ್ದ ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2025ರ ಜನವರಿಯಲ್ಲಿ ದಿವಾಳಿಯಾಗಿ ಮುಚ್ಚಿತು. ಇದನ್ನು ನಾನು ವಿದ್ಯಾರ್ಥಿಗಳಿಂದ ಮುಚ್ಚಿಡುವುದಿಲ್ಲ.

ಈಗ ನನ್ನ ಪ್ರಶ್ನೆ. ಎಐ ಯಾವುದನ್ನು ನೋಡಿ ಬರೆಯುತ್ತದೆ? ಈಗಾಗಲೇ ಬರೆದಿಟ್ಟಿರುವುದನ್ನು. ನಾಳೆ ಬಿಡುಗಡೆಯಾಗುವ ಸೌಲಭ್ಯದ ಬಗ್ಗೆ ಎಲ್ಲಿಯೂ ಬರೆದಿಲ್ಲ. ಅದು ಡೆವಲಪರ್ ತಲೆಯಲ್ಲಿದೆ, ಟೆಸ್ಟರ್ ಮಾಡಿಟ್ಟ ಬಗ್ ಪಟ್ಟಿಯಲ್ಲಿದೆ, ಸಪೋರ್ಟ್ ತಂಡದವರು ಫೋನಿನಲ್ಲಿ ಕೇಳಿಸಿಕೊಂಡ ಬೈಗುಳದಲ್ಲಿದೆ. ಆ ರೀಸ್ಟೋರ್ ಬಟನ್ ಬಗ್ಗೆ ಎಐಗೆ ಕೇಳಿ ನೋಡಿ. ಐದಕ್ಕೆ ಐದೂ ಪ್ರಶ್ನೆಗೆ ಸಲೀಸಾಗಿ ಉತ್ತರ ಬರುತ್ತದೆ. ಇಂಥ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಹೇಗಿರುತ್ತವೋ ಹಾಗೆ. ಈ ಸಾಫ್ಟ್‌ವೇರ್ ಹಾಗಿದೆಯೇ ಎಂದು ಅದಕ್ಕೆ ತಿಳಿಯದು. ಡೆವಲಪರ್ ಸುಮ್ಮನಾದ ಜಾಗದಲ್ಲಿ ಅದು ಸುಮ್ಮನಾಗುವುದಿಲ್ಲ. ನಮಗೆ ಬೇಕಾಗಿದ್ದದ್ದು ಆ ಮೌನವೇ.

"ಕೋಡ್ ಕೊಟ್ಟರೆ ಓದಿ ಬರೆಯುತ್ತದಲ್ಲ" ಎಂದು ಎಂಜಿನಿಯರ್ ಗೆಳೆಯರು ವಾದಿಸುತ್ತಾರೆ. ಓದುತ್ತದೆ, ಹಲವು ಸಲ ನಮಗಿಂತ ಚೆನ್ನಾಗಿಯೇ. ಆದರೆ ಕೋಡ್ ಏನು ಮಾಡುತ್ತದೆ ಎಂಬುದು ಕೋಡಿನಲ್ಲಿದೆ, ಏನು ಮಾಡಬೇಕಿತ್ತು ಎಂಬುದು ಅಲ್ಲಿಲ್ಲ. ಕೋಡಿನಲ್ಲಿ ತಪ್ಪಿದ್ದರೆ ಆ ತಪ್ಪನ್ನೇ ಸೌಲಭ್ಯವೆಂದು ನಿಷ್ಠೆಯಿಂದ ವಿವರಿಸಿಬಿಡುತ್ತದೆ. "ಇದು ಗ್ರಾಹಕರಿಗೆ ಗೊಂದಲ ಮಾಡುತ್ತದೆ, ಹೀಗಲ್ಲ ಹಾಗೆ ಕಟ್ಟಿ" ಎಂದು ಮೀಟಿಂಗಿನಲ್ಲಿ ಕೈ ಎತ್ತಿ ಹೇಳುವುದಕ್ಕೆ ಗ್ರಾಹಕರ ಕಡೆಯಿಂದ ಒಬ್ಬರು ಕೂತಿರಬೇಕು.

ಇನ್ನೊಂದು ವಿಷಯವಿದೆ. ಕಂಪನಿಗಳು ಗ್ರಾಹಕರಿಗೆ ಉತ್ತರ ಕೊಡಲು ಚಾಟ್‌ಬಾಟ್ ನಿಲ್ಲಿಸುತ್ತಿವೆ. ಆ ಬಾಟ್‌ಗಳು ಉತ್ತರ ಹೆಕ್ಕುವುದು ಕಂಪನಿಯ ಡಾಕ್ಯುಮೆಂಟೇಶನ್‌ನಿಂದ. ಅಲ್ಲಿ ಒಂದೇ ವಿಷಯ ಎರಡು ಕಡೆ ಎರಡು ರೀತಿ ಇದ್ದರೆ, ಹಳೆಯ ಆವೃತ್ತಿಯ ಪುಟ ಅಳಿಸದೆ ಉಳಿದಿದ್ದರೆ, ಬಾಟ್ ತಪ್ಪು ಹೇಳುತ್ತದೆ, ಧೈರ್ಯವಾಗಿ ಹೇಳುತ್ತದೆ. ಏರ್ ಕೆನಡಾದ ಚಾಟ್‌ಬಾಟ್, ಬಂಧುವನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಪ್ರಯಾಣ ಮುಗಿದ ಮೇಲೂ ರಿಯಾಯಿತಿಗೆ ಅರ್ಜಿ ಹಾಕಬಹುದು ಎಂದಿತು. ಕಂಪನಿಯ ನಿಯಮದ ಪುಟದಲ್ಲಿ ಇದ್ದದ್ದು ಬೇರೆ. ಬಾಟ್ ಹೇಳಿದ್ದಕ್ಕೂ ಕಂಪನಿಯೇ ಹೊಣೆ ಎಂದು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಬಾಟ್ ಹೆಚ್ಚಿದಷ್ಟೂ ಅದಕ್ಕೆ ಉಣಿಸುವ ಬರಹ ಚೊಕ್ಕವಾಗಿರಬೇಕಾಗುತ್ತದೆ. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಮುಕ್ತ ಮಾನದಂಡವಾದ ಡಿಟಾ ಎಂಬ ಪದ್ಧತಿ ಇದೇ ಶಿಸ್ತನ್ನು ಕೇಳುತ್ತದೆ: ವಿವರಣೆ ಬೇರೆ, ಮಾಡುವ ವಿಧಾನ ಬೇರೆ, ಉಲ್ಲೇಖದ ಮಾಹಿತಿ ಬೇರೆ. ಒಂದು ಎಚ್ಚರಿಕೆಯನ್ನು ಒಂದೇ ಕಡೆ ಬರೆದಿಟ್ಟು, ಬೇಕಾದ ಕಡೆಗೆಲ್ಲ ಅಲ್ಲಿಂದಲೇ ಎಳೆದುಕೊಳ್ಳಬೇಕು. ಹಿಂದೆ ಮುದ್ರಣದ ಖರ್ಚು ಉಳಿಸಲು, ಅನುವಾದದ ಖರ್ಚು ಉಳಿಸಲು ಬಳಸುತ್ತಿದ್ದ ಈ ಶಿಸ್ತು ಇವತ್ತು ಬಾಟ್ ಸುಳ್ಳು ಹೇಳದಂತೆ ನೋಡಿಕೊಳ್ಳಲು ಬೇಕಾಗಿದೆ. ಮೊದಲ ಕರಡನ್ನು ಎಐ ಬರೆಯಲಿ, ನಾನೂ ಬರೆಸುತ್ತೇನೆ. ಅದರಲ್ಲಿರುವ ಪ್ರತಿ ವಾಕ್ಯ ನಿಜವೇ ಎಂದು ನೋಡಿ ಬಿಡುಗಡೆ ಮಾಡುವ ಹೊಣೆ ಮನುಷ್ಯರದ್ದೇ. ಆ ಹೊಣೆ ಹೊರಲು ಬರುವವರಿಗೆ ಕೆಲಸವಿದೆ, ವಾಕ್ಯ ತಿದ್ದಲು ಮಾತ್ರ ಬರುವವರಿಗೆ ಇಲ್ಲ. ಇದನ್ನು ತಿಳಿದೇ ಬನ್ನಿ ಎನ್ನುತ್ತೇನೆ.

"ಕೋಡಿಂಗ್ ಬಾರದವರಿಗೆ ಉಳಿದ ಜಾಗ ಅದು. ಸಂಬಳ ಕಡಿಮೆ, ಬೆಳವಣಿಗೆ ಇಲ್ಲ."

ಒಂದೇ ಕಂಪನಿಯಲ್ಲಿ ಡೆವಲಪರ್‌ಗಿಂತ ರೈಟರ್ ಸಂಬಳ ಸಾಮಾನ್ಯವಾಗಿ ಕಡಿಮೆ. ಹೆಚ್ಚು ಹಣವೇ ಮುಖ್ಯ ಎನ್ನುವವರು ಬೇರೆ ದಾರಿ ನೋಡುವುದು ನ್ಯಾಯ. ಉಳಿದ ಎರಡು ಮಾತು ಸರಿಯಲ್ಲ. ಸಾಫ್ಟ್‌ವೇರ್‌ಗಳು ಪರಸ್ಪರ ಮಾಹಿತಿ ಪಡೆಯಲು ಬಳಸುವ ಎಪಿಐಗಳ ಡಾಕ್ಯುಮೆಂಟೇಶನ್ ಬರೆಯುವವರು ಕೋಡ್ ಓದಬೇಕು, ಚಿಕ್ಕ ಉದಾಹರಣೆಗಳನ್ನು ತಾವೇ ಬರೆದು ಓಡಿಸಿ ನೋಡಬೇಕು, ಗಿಟ್ ಎಂಬ ಸಾಧನ ಬಳಸಿ ಡೆವಲಪರ್‌ಗಳ ಹಾಗೆಯೇ ಬದಲಾವಣೆ ಕಳಿಸಿ ರಿವ್ಯೂ ಮಾಡಿಸಿಕೊಳ್ಳಬೇಕು. ಬೆಳೆಯುವವರು ಇನ್ಫರ್ಮೇಶನ್ ಆರ್ಕಿಟೆಕ್ಟ್ ಆಗುತ್ತಾರೆ, ಡಾಕ್ಸ್ ಮ್ಯಾನೇಜರ್ ಆಗುತ್ತಾರೆ, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಡೆಗೆ ಹೊರಳುತ್ತಾರೆ. ಇಡೀ ಪ್ರಾಡಕ್ಟ್ ಬಳಸಿ ಗೊತ್ತಿರುವುದರಿಂದ ಆ ಹೊರಳುವಿಕೆ ಇವರಿಗೆ ಸಹಜವಾಗಿ ಬರುತ್ತದೆ.

"ಕಾನ್ವೆಂಟಿನಲ್ಲಿ ಓದಿದವರಿಗೆ ಸರಿ. ಕನ್ನಡ ಮಾಧ್ಯಮದ ಹಳ್ಳಿ ಮಕ್ಕಳಿಗೆ ಇದನ್ನು ಹೇಳಿ ಆಸೆ ಹುಟ್ಟಿಸಬೇಡಿ."

ಈ ಮಾತು ನನಗೆ ಹೆಚ್ಚು ನೋವು ಕೊಡುತ್ತದೆ. ಇಂಗ್ಲಿಷ್ ಬೇಕು, ತಪ್ಪಿಲ್ಲದೆ ಬರೆಯಲು ಬರಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಎಂಥ ಇಂಗ್ಲಿಷ್? ವಿಮಾನಗಳ ದುರಸ್ತಿ ಕೈಪಿಡಿಗಳಿಗೆಂದು ಯುರೋಪಿನ ವಿಮಾನೋದ್ಯಮ 1980ರ ದಶಕದಲ್ಲಿ ರೂಪಿಸಿದ ಸರಳ ಇಂಗ್ಲಿಷಿನ ನಿಯಮಾವಳಿ ಈಗ ಎಎಸ್‌ಡಿ-ಎಸ್‌ಟಿಇ100 ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಮಾಡುವ ವಿಧಾನ ಹೇಳುವ ವಾಕ್ಯದಲ್ಲಿ 20 ಪದ ಮೀರಬಾರದು, ವಿವರಿಸುವ ವಾಕ್ಯದಲ್ಲಿ 25 ಮೀರಬಾರದು. ಒಪ್ಪಿತ ಪದಗಳ ಪಟ್ಟಿಯಿದೆ, ಒಂದು ಪದಕ್ಕೆ ಒಂದೇ ಅರ್ಥ. ಒಂದು ವಾಕ್ಯದಲ್ಲಿ ಸಾಮಾನ್ಯವಾಗಿ ಒಂದೇ ಸೂಚನೆ. ಇದನ್ನೆಲ್ಲ ಮಾಡಿದ್ದು ಓದುವ ಮೆಕ್ಯಾನಿಕ್‌ಗಳಲ್ಲಿ ಹೆಚ್ಚಿನವರ ಮನೆಮಾತು ಇಂಗ್ಲಿಷ್ ಅಲ್ಲ ಎಂಬ ಕಾರಣಕ್ಕೆ. ಸಾಫ್ಟ್‌ವೇರ್ ಓದುಗರೂ ಹಾಗೆಯೇ, ವಿಯೆಟ್ನಾಮಿನವರು, ಬ್ರೆಜಿಲಿನವರು, ಪೋಲೆಂಡಿನವರು. ಪಿಯುಸಿಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷಿನ ವಿಜ್ಞಾನ ಪುಸ್ತಕ ಕೈಗೆ ಬಂದು, ಒಂದೊಂದು ವಾಕ್ಯದ ಮುಂದೆಯೂ ನಿಂತು ಬಿಡಿಸಿ ಓದಿದವರಿಗೆ ವಾಕ್ಯ ಎಲ್ಲಿ ಕಾಲಿಗೆ ತೊಡರುತ್ತದೆ ಎಂದು ಗೊತ್ತಿರುತ್ತದೆ. ಅವರು ಬರೆಯುವಾಗ ಆ ತೊಡರನ್ನು ಇಡುವುದಿಲ್ಲ. ಇದು ಅವರ ಕೊರತೆಯಲ್ಲ, ಬಂಡವಾಳ.

ಬಳಸುವವರಿಗಾಗಿ ಬರೆಯುವುದು ಕನ್ನಡಕ್ಕೆ ಹೊಸದೂ ಅಲ್ಲ. 11ನೇ ಶತಮಾನದಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ನೆಲದಡಿಯ ನೀರು ಕಂಡುಹಿಡಿಯುವುದು, ಗಿಡಗಳ ಆರೈಕೆ, ಅಡುಗೆ, ವೈದ್ಯ ಎಲ್ಲ ಇವೆ. ಕೀರ್ತಿವರ್ಮನ 'ಗೋವೈದ್ಯ' ಇದೆ, ರಾಜಾದಿತ್ಯನ 'ವ್ಯವಹಾರಗಣಿತ' ಇದೆ. ನಮ್ಮ ಕಾಲದಲ್ಲಿ ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ತೋಟದಲ್ಲಿ ದುಡಿಯುವವರೇ ತಮ್ಮ ವಿಧಾನಗಳನ್ನು ಬರೆಯುವಂತೆ ಮಾಡಿತು. ಅಳತೆ, ಅಂತರ, ಖರ್ಚು, ಎಲ್ಲಿ ಸೋತೆವು ಎಂಬುದು ಸಮೇತ. ಅದಕ್ಕಿಂತ ಒಳ್ಳೆಯ ಟೆಕ್ನಿಕಲ್ ರೈಟಿಂಗ್ ಪಾಠ ನನಗೆ ಗೊತ್ತಿಲ್ಲ.

ಅಗತ್ಯ ಎಷ್ಟಿದೆ ಎಂದು ತಿಳಿಯಬೇಕಾದರೆ ಕೀಟನಾಶಕದ ಡಬ್ಬಿಯ ಜೊತೆ ಮಡಚಿಟ್ಟಿರುವ ಚೀಟಿಯನ್ನು ಬಿಡಿಸಿ ನೋಡಿ. ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಸೂಚನೆ ಇರಬೇಕೆಂದು ಕೀಟನಾಶಕ ನಿಯಮಗಳೇ ಹೇಳುತ್ತವೆ. ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತಿನಲ್ಲಿ ತೋರಿಸುತ್ತಾರೆ. ಯಾವ ಬೆಳೆಗೆ ಎಷ್ಟು ಮಿ.ಲೀ., ಎಷ್ಟು ನೀರಿಗೆ, ಸಿಂಪಡಿಸಿದ ಎಷ್ಟು ದಿನದ ಮೇಲೆ ಕೊಯ್ಲು, ಮೈಗೆ ತಾಗಿದರೆ ಏನು ಮಾಡಬೇಕು, ವೈದ್ಯರಿಗೆ ಏನು ಹೇಳಬೇಕು, ಎಲ್ಲವೂ ಆ ಚೀಟಿಯಲ್ಲಿರುತ್ತದೆ. ಆದರೆ ನಾನು ಬಿಡಿಸಿ ನೋಡಿದ ಚೀಟಿಗಳಲ್ಲಿ ಅಕ್ಷರ ಇರುವೆಯಷ್ಟು, ಭಾಷೆ ಪದಕ್ಕೆ ಪದ ಇಟ್ಟ ಕನ್ನಡ. ಹೊಲದ ಬದುವಿನಲ್ಲಿ ನಿಂತು, ಬೆನ್ನಿಗೆ ಸ್ಪ್ರೇಯರ್ ಹೊತ್ತವರು ಅದರಿಂದ ಏನು ತಿಳಿದುಕೊಳ್ಳಬೇಕು? ಇದನ್ನು ಸರಿಯಾಗಿ ಬರೆಯಬಲ್ಲವರು ಕನ್ನಡವನ್ನೂ ಹೊಲವನ್ನೂ ಬಲ್ಲ ಮಕ್ಕಳೇ. ಕನ್ನಡದಲ್ಲಿ ಮಾತ್ರ ಬರೆದು ಇವತ್ತು ಪೂರ್ಣಕಾಲದ ಸಂಬಳ ಸಿಗುವುದು ಕಷ್ಟ, ಅದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಕೆಲಸ ಕಲಿತು ಕನ್ನಡಕ್ಕೆ ಅದನ್ನು ತರುವವರು ಬೇಕಾಗಿದ್ದಾರೆ.

"ಕತೆ ಬರೆಯುವ ಹುಡುಗಿ ಅವಳು. ಅಲ್ಲಿಗೆ ಹೋದರೆ ಭಾಷೆ ಒಣಗಿಹೋಗುತ್ತದೆ."

ಸಾಹಿತ್ಯದ ಮೇಷ್ಟ್ರಿಗೆ ನನ್ನ ಉತ್ತರ ಚಿಕ್ಕದು. ಥಾಮಸ್ ಪಿಂಚನ್ ಕಾದಂಬರಿಕಾರರಾಗಿ ಹೆಸರು ಮಾಡುವ ಮೊದಲು 1960ರಿಂದ 62ರವರೆಗೆ ಬೋಯಿಂಗ್‌ನಲ್ಲಿ ಟೆಕ್ನಿಕಲ್ ರೈಟರ್ ಆಗಿದ್ದರು. ಜಾರ್ಜ್ ಸಾಂಡರ್ಸ್ ಈ ಕೆಲಸ ಮಾಡಿಕೊಂಡೇ ಕತೆ ಬರೆದರು. 'ಅರೈವಲ್' ಚಿತ್ರಕ್ಕೆ ಆಧಾರವಾದ ಕತೆ ಬರೆದ ಟೆಡ್ ಚಿಯಾಂಗ್ ಕೂಡ ಬಹುಕಾಲ ಟೆಕ್ನಿಕಲ್ ರೈಟರ್ ಆಗಿ ದುಡಿದವರೇ. ಬೇಡದ ಪದವನ್ನು ದಿನವಿಡೀ ತೆಗೆದುಹಾಕುವ ಅಭ್ಯಾಸ ಕತೆಗಾರರಿಗೆ ಕೆಡುಕು ಮಾಡಿದ್ದನ್ನು ನಾನು ಕಂಡಿಲ್ಲ.

"ಸರಿ, ಆದರೆ ಇದಕ್ಕೆ ಪದವಿಯೇ ಇಲ್ಲವಲ್ಲ. ಒಳಗೆ ಹೋಗುವುದು ಹೇಗೆ?"

ಪದವಿ ಇಲ್ಲದಿರುವುದು ಬಿಎ ಓದಿದವರಿಗೂ ಬಿಎಸ್ಸಿ ಓದಿದವರಿಗೂ ಅನುಕೂಲವೇ. ಗೂಗಲ್ ತನ್ನ ಎಂಜಿನಿಯರ್‌ಗಳಿಗೆಂದು ಮಾಡಿದ ಟೆಕ್ನಿಕಲ್ ರೈಟಿಂಗ್ ಪಾಠಗಳನ್ನು ಎಲ್ಲರಿಗೂ ಉಚಿತವಾಗಿ ಇಟ್ಟಿದೆ. 2013ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಶುರುವಾದ ರೈಟ್ ದ ಡಾಕ್ಸ್ ಬಳಗದ ಸಮ್ಮೇಳನಗಳ ಭಾಷಣಗಳನ್ನು ಮನೆಯಲ್ಲೇ ಕೂತು ಕೇಳಬಹುದು. ಆದರೆ ಸಂದರ್ಶನ ಮಾಡುವವರು ಕೇಳುವುದು ಸರ್ಟಿಫಿಕೇಟ್ ಅಲ್ಲ, ನೀವು ಬರೆದ ಮಾದರಿ. ಜೊತೆಗೆ ಅಲ್ಲಿಯೇ ಒಂದು ಬರವಣಿಗೆ ಪರೀಕ್ಷೆ ಕೊಡುತ್ತಾರೆ. ನೀವು ದಿನಾ ಬಳಸುವ ಮುಕ್ತ ತಂತ್ರಾಂಶ ಒಂದನ್ನು ಆರಿಸಿಕೊಳ್ಳಿ. ಅದನ್ನು ಹೊಸ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ವಿಧಾನವನ್ನು ಒಂದೂವರೆ ಪುಟದಲ್ಲಿ ಬರೆಯಿರಿ. ಅದನ್ನು ಹಿಂದೆಂದೂ ನೋಡದ ಒಬ್ಬರಿಗೆ, ನಿಮ್ಮ ಚಿಕ್ಕಪ್ಪನೋ ತಂಗಿಯೋ ಆಗಬಹುದು, ಆ ಪುಟವನ್ನು ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಬಾಯಿ ಬಿಡಬೇಡಿ, ಬೆರಳು ತೋರಿಸಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ಹೋಗಿ ಓದಿದರು, ಎಲ್ಲಿ ತಪ್ಪು ಬಟನ್ ಒತ್ತಿದರು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಆ ಜಾಗಗಳನ್ನು ಮಾತ್ರ ಮತ್ತೆ ಬರೆಯಿರಿ, ಇನ್ನೊಬ್ಬರಿಗೆ ಕೊಡಿ. ಸಂದರ್ಶನಕ್ಕೆ ಹೋಗುವಾಗ ಮೊದಲಿನ ಪ್ರತಿ, ಗುರುತು ಹಾಕಿದ ಪ್ರತಿ, ಕೊನೆಯ ಪ್ರತಿ ಮೂರನ್ನೂ ಒಯ್ಯಿರಿ, ಏನನ್ನು ಏಕೆ ಬದಲಿಸಿದಿರಿ ಎಂದು ವಿವರಿಸಿ. ನಾನು ಸಂದರ್ಶನ ಮಾಡಲು ಕೂತಾಗ ಮೊದಲು ಕೈಗೆತ್ತಿಕೊಳ್ಳುವುದು ನಡುವಿನ ಪ್ರತಿಯನ್ನು.